ಸತ್ತ ನಕ್ಷತ್ರದ ಪಾಸ್‌ಬುಕ್: ಸೂಪರ್‌ನೋವಾ ಅವಶೇಷವನ್ನು ಎಕ್ಸ್-ರೇಯಲ್ಲಿ ಓದೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

[ತಂತಿವಾದ್ಯದ ಸದ್ದು, ಕೆಲವು ಸೆಕೆಂಡ್]

ಈಗ ನೀವು ಕೇಳಿದ್ದು ಯಾವುದೋ ಸಿನಿಮಾದ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅಲ್ಲ. ಒಂದು ನಕ್ಷತ್ರ ಸಿಡಿದು ಚೂರಾದ ಮೇಲೆ ಉಳಿದಿರೋ ಅವಶೇಷದ ಮಾಹಿತಿ ಅದು. ಹಾಗಂತ ಸ್ಫೋಟದ ಶಬ್ದವೂ ಅಲ್ಲ. ಶಬ್ದ ಸಾಗೋಕೆ ಗಾಳಿ ಬೇಕು, ಅಲ್ಲಿ ಅದಿಲ್ಲ. ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕದ ತಂಡ 2020ರಲ್ಲಿ ಒಂದು ಕೆಲಸ ಮಾಡ್ತು. ದೂರದರ್ಶಕ ತೆಗೆದ ಚಿತ್ರವನ್ನ ಮಧ್ಯದಿಂದ ಹೊರಕ್ಕೆ ಸ್ಕ್ಯಾನ್ ಮಾಡ್ತಾ ಹೋಗಿ, ಸಿಲಿಕಾನ್, ಗಂಧಕ, ಕ್ಯಾಲ್ಸಿಯಂ, ಕಬ್ಬಿಣ ಎಲ್ಲೆಲ್ಲಿ ಎಷ್ಟೆಷ್ಟು ಹೊಳೀತಿದೆ ಅನ್ನೋದನ್ನ ಸ್ವರಗಳಾಗಿ ಬದಲಾಯಿಸಿತು. ಕಣ್ಣು ಕಾಣದವರೂ ಈ ಚಿತ್ರವನ್ನ ಅನುಭವಿಸಬಹುದು ಅನ್ನೋದು ಅದರ ಒಂದು ಉದ್ದೇಶ. ನಮ್ಮಂಥ ಪಾಡ್‌ಕಾಸ್ಟ್‌ನವರಿಗೂ ಅನುಕೂಲ ಆಯ್ತು ಬಿಡಿ.

ಈ ಅವಶೇಷದ ಹೆಸರು ಕ್ಯಾಸಿಯೋಪಿಯ ಎ. ಖಗೋಳ ವಿಜ್ಞಾನಿಗಳು ಪ್ರೀತಿಯಿಂದ ಕ್ಯಾಸ್ ಎ ಅಂತಾರೆ. ಇವತ್ತಿನ ಸಂಚಿಕೆ ಇದರ ಬಗ್ಗೆ. ಇದನ್ನ ಓದೋದು ಹೇಗೆ, ಇಷ್ಟು ವರ್ಷ ಓದಿ ಏನು ಗೊತ್ತಾಯ್ತು, ಮತ್ತೆ ಆ ಓದು ಮಧ್ಯದಲ್ಲೇ ನಿಂತುಹೋಗೋ ಸಾಧ್ಯತೆ ಯಾಕೆ ಬಂತು ಅಂತ ನೋಡೋಣ.

ನನ್ನನ್ನ ಹೊಸದಾಗಿ ಕೇಳ್ತಿರೋರಿಗೆ ಒಂದು ಮಾತು. ನಾನು ಓದಿದ್ದು ಬಿ.ಕಾಂ. ಪಿಯುಸಿಯಲ್ಲೂ ಫಿಸಿಕ್ಸ್ ಇರಲಿಲ್ಲ. ಹಾಗಾಗಿ ಈ ಕಥೆಯನ್ನ ನನಗೆ ಬರೋ ಭಾಷೆಯಲ್ಲಿ, ಅಂದ್ರೆ ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ವಿಚಿತ್ರ ಅಂದ್ರೆ, ಈ ವಿಷಯಕ್ಕೆ ಆ ಭಾಷೆ ಚೆನ್ನಾಗಿಯೇ ಹೊಂದುತ್ತೆ.

ಯಾರೂ ಸರಿಯಾಗಿ ನೋಡದ ಸ್ಫೋಟ

ನವೆಂಬರ್, ಡಿಸೆಂಬರ್ ತಿಂಗಳ ಸಂಜೆ ಉತ್ತರ ದಿಕ್ಕಿಗೆ ಮುಖ ಮಾಡಿ ನಿಂತರೆ, ಇಂಗ್ಲಿಷಿನ ಡಬ್ಲ್ಯೂ ಅಥವಾ ಎಂ ಅಕ್ಷರದ ಥರ ಜೋಡಿಸಿದ ಐದು ನಕ್ಷತ್ರ ಕಾಣುತ್ತೆ. ಅದೇ ಕ್ಯಾಸಿಯೋಪಿಯ ನಕ್ಷತ್ರಪುಂಜ. ಆ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ ಕ್ಯಾಸ್ ಎ ಇದೆ. ಬರಿಗಣ್ಣಿಗೆ ಕಾಣಲ್ಲ.

ಅಲ್ಲಿ ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ಒಂದು ನಕ್ಷತ್ರ ಇತ್ತು. ಅದರ ಒಳಗಿನ ಇಂಧನ ಮುಗೀತು. ನಡುವಿನ ಭಾಗ ತನ್ನ ಭಾರಕ್ಕೆ ತಾನೇ ಕುಸೀತು. ಹೊರಗಿನ ಪದರಗಳು ಸಿಡಿದು ಹಾರಿದವು. ಇದನ್ನೇ ಸೂಪರ್‌ನೋವಾ ಅನ್ನೋದು. ಆ ಸ್ಫೋಟದ ಬೆಳಕು ಭೂಮಿಯನ್ನ ತಲುಪಿದ್ದು ಹೆಚ್ಚುಕಡಿಮೆ 1670ರ ದಶಕದಲ್ಲಿ. ಬೆಳಕು ಬರೋಕೇ 11,000 ವರ್ಷ ಹಿಡಿದಿದೆ, ಆ ಲೆಕ್ಕ ಬೇರೆ. ನಮಗೆ ಕಾಣಿಸ್ತಿರೋ ಅವಶೇಷದ ವಯಸ್ಸು ಮಾತ್ರ ಸುಮಾರು 350 ವರ್ಷ. ನಕ್ಷತ್ರಗಳ ಲೋಕದಲ್ಲಿ ಇದು ಇನ್ನೂ ಬಾಣಂತಿ ಕೋಣೆಯಿಂದ ಹೊರಗೆ ಬರದ ಕೂಸು.

ಸ್ವಾರಸ್ಯ ಏನಂದ್ರೆ, 1572ರ ಸೂಪರ್‌ನೋವಾವನ್ನ ಟೈಕೋ ಬ್ರಾಹೆ ನೋಡಿ ಬರೆದಿಟ್ಟ. 1604ರದ್ದನ್ನ ಕೆಪ್ಲರ್ ಬರೆದಿಟ್ಟ. ಅದಾದ ಮೇಲೆ ನಡೆದ ಇದನ್ನ ಮಾತ್ರ ಯಾರೂ ಸರಿಯಾಗಿ ದಾಖಲಿಸಲಿಲ್ಲ. ಇಂಗ್ಲೆಂಡಿನ ಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ 1680ರಲ್ಲಿ ಗುರುತಿಸಿದ ಒಂದು ಮಸುಕು ಚುಕ್ಕಿ ಇದೇ ಇರಬಹುದು ಅಂತ ಕೆಲವರು ಹೇಳ್ತಾರೆ. ಆದ್ರೆ ಅದರ ಬಗ್ಗೆ ಇವತ್ತಿಗೂ ತಕರಾರಿದೆ. 1948ರಲ್ಲಿ ಕೇಂಬ್ರಿಡ್ಜ್‌ನ ಮಾರ್ಟಿನ್ ರೈಲ್ ಮತ್ತು ಫ್ರಾನ್ಸಿಸ್ ಗ್ರಹಾಂ-ಸ್ಮಿತ್ ಅಲ್ಲಿಂದ ಜೋರಾಗಿ ರೇಡಿಯೋ ಅಲೆಗಳು ಬರ್ತಿರೋದನ್ನ ಕಂಡುಹಿಡಿದರು. ಆಮೇಲೇ ಅಲ್ಲೇನೋ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದು.

ಹಾಗಾಗಿ ಈ ನಕ್ಷತ್ರ ಸತ್ತ ದಿನದ ಬಗ್ಗೆ ಗಟ್ಟಿ ಸಾಕ್ಷಿ ಇಲ್ಲ. ಸತ್ತವನ ಮನೇಲಿ ಉಳಿದ ವಸ್ತುಗಳನ್ನ ಪಟ್ಟಿ ಮಾಡಿ, ಅವನು ಹೇಗೆ ಬದುಕಿದ್ದ, ಹೇಗೆ ಸತ್ತ ಅಂತ ಕಂಡುಹಿಡೀಬೇಕು.

ಎಕ್ಸ್-ರೇಯೇ ಯಾಕೆ ಬೇಕು?

ಎಕ್ಸ್-ರೇ ಅಂದ ತಕ್ಷಣ ನಮಗೆ ನೆನಪಾಗೋದು ಆಸ್ಪತ್ರೆ. ಅಲ್ಲಿ ಒಂದು ಮಷಿನ್ ಎಕ್ಸ್-ರೇಯನ್ನ ನಮ್ಮ ಮೈಯೊಳಗೆ ಹಾಯಿಸಿ, ಆಚೆ ಕಡೆ ನೆರಳು ಹಿಡಿಯುತ್ತೆ. ಇಲ್ಲಿ ಹಾಗಲ್ಲ. ಯಾರೂ ನಕ್ಷತ್ರದ ಮೇಲೆ ಎಕ್ಸ್-ರೇ ಬಿಡ್ತಿಲ್ಲ. ಅವಶೇಷವೇ ಎಕ್ಸ್-ರೇಯನ್ನ ಹೊರಸೂಸ್ತಿದೆ. ನಾವು ಅದನ್ನ ಹಿಡೀತೀವಿ ಅಷ್ಟೇ.

ಕಾದ ಕಬ್ಬಿಣ ಕೆಂಪಗೆ ಹೊಳೆಯುತ್ತೆ, ಇನ್ನೂ ಕಾಸಿದರೆ ಬೆಳ್ಳಗಾಗುತ್ತೆ. ಅನಿಲ ಕೋಟ್ಯಂತರ ಡಿಗ್ರಿಗೆ ಕಾದರೆ ಅದರ ಬೆಳಕಿನ ಬಹುಪಾಲು ಎಕ್ಸ್-ರೇ ಆಗಿರುತ್ತೆ. ನಮ್ಮ ಕಣ್ಣಿಗೆ ಅದು ಕಾಣಲ್ಲ.

ಅನಿಲ ಅಷ್ಟು ಕಾಯೋದು ಹೇಗೆ? ಸಿಡಿದ ನಕ್ಷತ್ರದ ಚೂರುಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಗೆ ಓಡ್ತಾ ಇವೆ. ಎದುರಿಗೆ ಬಾಹ್ಯಾಕಾಶದ ತೆಳುವಾದ ಅನಿಲ ಇದೆ. ಡಿಕ್ಕಿ ಆಗುತ್ತೆ. ಒಂದು ಆಘಾತ ತರಂಗ ಹೊರಕ್ಕೆ ಹೋಗುತ್ತೆ. ಅದರ ಜೊತೆಗೆ ಇನ್ನೊಂದು ಆಘಾತ ತರಂಗ ಹಿಂದಕ್ಕೆ, ಚೂರುಗಳ ಒಳಗೇ ನುಗ್ಗುತ್ತೆ.

ಈ ಹಿಂದಕ್ಕೆ ಹೋಗೋ ತರಂಗ ಅರ್ಥ ಆಗ್ಬೇಕಂದ್ರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪು ಮಾಡ್ಕೊಳ್ಳಿ. ಗಾಡಿಗಳೆಲ್ಲ ಮುಂದಕ್ಕೇ ಬರ್ತಿರ್ತವೆ. ಎದುರಿನ ಗಾಡಿ ಬ್ರೇಕ್ ಹಾಕುತ್ತೆ, ಅದರ ಹಿಂದಿನದ್ದು ಹಾಕುತ್ತೆ, ಅದರ ಹಿಂದಿನದ್ದೂ ಹಾಕುತ್ತೆ. ಒಂದು ಗಾಡಿಯೂ ರಿವರ್ಸ್ ಹೋಗಿಲ್ಲ, ಆದ್ರೆ ಜಾಮ್‌ನ ಬಾಲ ಹಿಂದಕ್ಕೆ ಬೆಳೀತಾ ಹೋಗುತ್ತೆ. ಹಾಗೇ ಇದು ಕೂಡ. ಆ ಜಾಮ್‌ಗೆ ಸಿಕ್ಕಿಕೊಂಡ ಚೂರು ಕಾದು ಎಕ್ಸ್-ರೇಯಲ್ಲಿ ಹೊಳೆಯುತ್ತೆ. ಇನ್ನೂ ಸಿಕ್ಕಿಕೊಳ್ಳದ ಒಳಗಿನ ಚೂರು ತಣ್ಣಗೆ, ಕತ್ತಲಲ್ಲೇ ಇರುತ್ತೆ. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ತೊಡಕಿದೆ. ಬಾಹ್ಯಾಕಾಶದ ಎಕ್ಸ್-ರೇ ನೆಲಕ್ಕೆ ತಲುಪಲ್ಲ. ನಮ್ಮ ವಾತಾವರಣ ಅದನ್ನ ತಡೆಯುತ್ತೆ. ನಾವು ಬದುಕಿರೋದಕ್ಕೆ ಅದು ಒಳ್ಳೇದು, ಖಗೋಳ ವಿಜ್ಞಾನಿಗಳಿಗೆ ಕಷ್ಟ. ಹಾಗಾಗಿ ಮೊದಮೊದಲು ರಾಕೆಟ್ ಹಾರಿಸಿ, ಅದು ವಾತಾವರಣದ ಮೇಲಿರೋ ಕೆಲವೇ ನಿಮಿಷಗಳಲ್ಲಿ ಅಳತೆ ಮಾಡಬೇಕಿತ್ತು. 1962ರಲ್ಲಿ ರಿಕಾರ್ಡೋ ಜಿಯಾಕೋನಿ ಅವರ ತಂಡ ಹೀಗೇ ಸೌರವ್ಯೂಹದ ಹೊರಗಿನ ಮೊದಲ ಎಕ್ಸ್-ರೇ ಮೂಲವನ್ನ ಕಂಡುಹಿಡೀತು. 2002ರಲ್ಲಿ ಜಿಯಾಕೋನಿಗೆ ನೊಬೆಲ್ ಬಂತು.

ಆ ಕಾಲದ ಒಂದು ಪ್ರಯೋಗ ಬಹಳ ಚೆನ್ನಾಗಿದೆ. ಕ್ರ್ಯಾಬ್ ನೆಬ್ಯುಲಾ ಅಂತ ಇದೆ. ಕ್ರಿ.ಶ. 1054ರಲ್ಲಿ ಚೀನಾದವರು ನೋಡಿ ದಾಖಲಿಸಿದ ಸೂಪರ್‌ನೋವಾದ ಅವಶೇಷ ಅದು. ಅಲ್ಲಿಂದ ಎಕ್ಸ್-ರೇ ಬರ್ತಿತ್ತು. ಆದ್ರೆ ಅದು ಒಂದು ಚುಕ್ಕಿಯಿಂದ ಬರ್ತಿದೆಯಾ, ಹರಡಿದ ಮೋಡದಿಂದ ಬರ್ತಿದೆಯಾ ಅಂತ ಹೇಳೋ ಸ್ಪಷ್ಟತೆ ಆಗಿನ ಉಪಕರಣಕ್ಕೆ ಇರಲಿಲ್ಲ. 1964ರ ಜುಲೈ 7ರಂದು ಚಂದ್ರ ಆ ನೆಬ್ಯುಲಾದ ಎದುರಿಗೆ ಹಾದುಹೋಗೋದಿತ್ತು. ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರು ಸರಿಯಾಗಿ ಆ ಹೊತ್ತಿಗೆ ರಾಕೆಟ್ ಹಾರಿಸಿದರು. ಚುಕ್ಕಿಯಾಗಿದ್ರೆ ಚಂದ್ರ ಅಡ್ಡ ಬಂದ ಕೂಡಲೇ ಎಕ್ಸ್-ರೇ ಪಟ್ ಅಂತ ನಿಲ್ಲಬೇಕು. ಮೋಡವಾಗಿದ್ರೆ ನಿಧಾನಕ್ಕೆ ಕಮ್ಮಿಯಾಗಬೇಕು. ನಿಧಾನಕ್ಕೆ ಕಮ್ಮಿಯಾಯ್ತು. ಚಂದ್ರನನ್ನೇ ಪರದೆ ಮಾಡ್ಕೊಂಡು ಅಳತೆ ಮಾಡಿದ್ದು. ಆವತ್ತಿಗೆ ಅದೇ ಇದ್ದ ದಾರಿ.

ಪ್ರತಿ ಕಿರಣಕ್ಕೂ ಒಂದು ಎಂಟ್ರಿ

ಅಲ್ಲಿಂದ 35 ವರ್ಷ ಮುಂದಕ್ಕೆ ಬರೋಣ. 1999ರ ಜುಲೈ 23. ಕೊಲಂಬಿಯಾ ಬಾಹ್ಯಾಕಾಶ ನೌಕೆ ಒಂದು ದೊಡ್ಡ ದೂರದರ್ಶಕವನ್ನ ಹೊತ್ತು ಹಾರ್ತು. ನೌಕೆಯ ಕಮಾಂಡರ್ ಐಲೀನ್ ಕಾಲಿನ್ಸ್. ಬಾಹ್ಯಾಕಾಶ ನೌಕೆಯೊಂದಕ್ಕೆ ಕಮಾಂಡರ್ ಆದ ಮೊದಲ ಮಹಿಳೆ ಅವರು. ದೂರದರ್ಶಕದ ಹೆಸರು ಚಂದ್ರಾ. ಆಕಾಶದ ಚಂದ್ರ ಅಲ್ಲ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಮೊದಲ ಭಾಗ. ಲಾಹೋರಿನಲ್ಲಿ ಹುಟ್ಟಿದ ತಮಿಳು ಮನೆತನದವರು, ಸಿ.ವಿ. ರಾಮನ್ ಅವರ ಅಣ್ಣನ ಮಗ, 1983ರ ನೊಬೆಲ್ ಪ್ರಶಸ್ತಿ ವಿಜೇತರು. ನಕ್ಷತ್ರಗಳು ಹೇಗೆ ಸಾಯುತ್ತವೆ ಅನ್ನೋ ಲೆಕ್ಕವನ್ನ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲೇ ಶುರು ಮಾಡಿದವರು.

ಎಕ್ಸ್-ರೇಗೆ ಕನ್ನಡಿ ಮಾಡೋದು ಸುಲಭ ಅಲ್ಲ. ಮಾಮೂಲಿ ಕನ್ನಡಿಗೆ ನೇರವಾಗಿ ಬಿದ್ದರೆ ಅದು ಹಿಂದಕ್ಕೆ ಪುಟಿಯಲ್ಲ, ಒಳಗೇ ಇಳಿದುಹೋಗುತ್ತೆ. ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಕಪ್ಪೆ ಹಾರಿಸಿದ ಹಾಗೆ ಮಾಡಿದರೆ ಮಾತ್ರ ಪುಟಿಯುತ್ತೆ. ಕಲ್ಲನ್ನ ನೇರ ಹಾಕಿದರೆ ಮುಳುಗುತ್ತೆ, ಮೇಲ್ಮೈಗೆ ಸವರಿಕೊಂಡು ಹೋಗೋ ಹಾಗೆ ಎಸೆದರೆ ಹಾರುತ್ತೆ. ಹಾಗಾಗಿ ಚಂದ್ರಾದ ಕನ್ನಡಿಗಳು ತಟ್ಟೆಯ ಥರ ಇಲ್ಲ, ಕೊಳವೆಯ ಥರ ಇವೆ. ಒಂದರೊಳಗೊಂದು ಕೂರಿಸಿದ ನಾಲ್ಕು ಜೋಡಿ. ಕಿರಣ ಅವುಗಳ ಒಳಗೋಡೆಯನ್ನ ಸವರಿಕೊಂಡು ಹತ್ತು ಮೀಟರ್ ಆಚೆ ಇರೋ ಪತ್ತೆಕಾರಕಕ್ಕೆ ಹೋಗಿ ಬೀಳುತ್ತೆ. ಕನ್ನಡಿಗಳ ಮೇಲೆ ಇರಿಡಿಯಂ ಲೋಹದ ಲೇಪ ಇದೆ.

ಈಗ ಬಿ.ಕಾಂ. ಉಪಯೋಗಕ್ಕೆ ಬರುತ್ತೆ. ಚಂದ್ರಾ ನಮ್ಮ ಫೋನಿನ ಕ್ಯಾಮೆರಾ ಥರ ಒಟ್ಟಿಗೆ ಒಂದು ಫೋಟೊ ತೆಗೆಯಲ್ಲ. ಎಕ್ಸ್-ರೇಯ ಒಂದೊಂದು ಕಣ, ಅಂದ್ರೆ ಫೋಟಾನ್, ಬಂದು ಬಿದ್ದಾಗಲೂ ಒಂದೊಂದು ಎಂಟ್ರಿ ಹಾಕ್ಕೊಳ್ಳುತ್ತೆ: ಎಲ್ಲಿ ಬಿತ್ತು, ಯಾವಾಗ ಬಿತ್ತು, ಎಷ್ಟು ಶಕ್ತಿ ಇತ್ತು. ಬ್ಯಾಂಕ್ ಪಾಸ್‌ಬುಕ್ ನೋಡಿದ್ದೀರಲ್ಲ, ದಿನಾಂಕ, ವಿವರ, ಮೊತ್ತ. ಅದೇ. ಸಾವಿರಾರು, ಲಕ್ಷಾಂತರ ಎಂಟ್ರಿ ಕೂಡಿಸಿದ ಮೇಲೆ ಚಿತ್ರ ತಯಾರಾಗೋದು. 2004ರಲ್ಲಿ ಕ್ಯಾಸ್ ಎಯನ್ನ ಒಟ್ಟು 10 ಲಕ್ಷ ಸೆಕೆಂಡ್ ನೋಡಿದರು. ಅಂದ್ರೆ ಸುಮಾರು ಹನ್ನೊಂದೂವರೆ ದಿನ.

ಇದರಲ್ಲಿ ಮುಖ್ಯವಾದ ಕಾಲಂ ಶಕ್ತಿಯದ್ದು. ಪ್ರತಿ ಧಾತುವೂ ಕಾದಾಗ ತನ್ನದೇ ನಿರ್ದಿಷ್ಟ ಶಕ್ತಿಯ ಎಕ್ಸ್-ರೇ ಬಿಡುತ್ತೆ. ಸಿಲಿಕಾನ್‌ದು ಸುಮಾರು 1.9 ಕಿಲೋ ಎಲೆಕ್ಟ್ರಾನ್ ವೋಲ್ಟ್, ಗಂಧಕದ್ದು ಸುಮಾರು 2.4, ಕಬ್ಬಿಣದ್ದು 6.7ರ ಹತ್ತಿರ. ಅಂದ್ರೆ ಮೊತ್ತ ನೋಡಿದರೆ ಸಾಕು, ಯಾರ ಖಾತೆಯಿಂದ ಬಂತು ಅಂತ ಗೊತ್ತಾಗುತ್ತೆ. 11,000 ಜ್ಯೋತಿರ್ವರ್ಷ ದೂರದ ಗೋಡೌನ್‌ಗೆ ಹೋಗದೇ, ಒಳಗೆ ಏನೇನು ಸ್ಟಾಕ್ ಇದೆ ಅಂತ ಕೂತಲ್ಲೇ ಲೆಕ್ಕ ಹಾಕಬಹುದು.

ಇಂಟರ್ನೆಟ್‌ನಲ್ಲಿ ಕ್ಯಾಸ್ ಎಯ ಬಣ್ಣಬಣ್ಣದ ಚಿತ್ರ ನೋಡಿದವರಿಗೆ ಈಗ ಅರ್ಥ ಆಗುತ್ತೆ. ಆ ಬಣ್ಣ ನಿಜದ ಬಣ್ಣ ಅಲ್ಲ. ಒಂದೊಂದು ಖಾತೆಗೂ ಒಂದೊಂದು ಬಣ್ಣ ಕೊಟ್ಟಿದ್ದಾರೆ. ತುಂಬ ಬಳಕೆಯಲ್ಲಿರೋ ಒಂದು ಚಿತ್ರದಲ್ಲಿ ಸಿಲಿಕಾನ್ ಕೆಂಪು, ಗಂಧಕ ಹಳದಿ, ಕ್ಯಾಲ್ಸಿಯಂ ಹಸಿರು, ಕಬ್ಬಿಣ ನೇರಳೆ. ಅಂಚಿನ ನೀಲಿ ದಾರದಂಥ ಗೆರೆ ಹೊರಗೆ ಹೋಗ್ತಿರೋ ಆಘಾತ ತರಂಗ.

ಸ್ಟಾಕ್ ಪಟ್ಟಿಯಲ್ಲಿ ಸಿಕ್ಕಿದ್ದು

ಹಾಗಾದ್ರೆ ಪಟ್ಟಿಯಲ್ಲಿ ಏನಿದೆ? ಚಂದ್ರಾ ತಂಡದ ಅಂದಾಜಿನ ಪ್ರಕಾರ, ಕ್ಯಾಸ್ ಎಯಲ್ಲಿ ಗಂಧಕ ಒಂದೇ ಸುಮಾರು 10,000 ಭೂಮಿಯಷ್ಟು ತೂಕ. ಸಿಲಿಕಾನ್ 20,000 ಭೂಮಿಯಷ್ಟು. ಕಬ್ಬಿಣ 70,000 ಭೂಮಿಯಷ್ಟು. ಆಮ್ಲಜನಕ ಸುಮಾರು ಹತ್ತು ಲಕ್ಷ ಭೂಮಿಯಷ್ಟು. ಭೂಮಿ ಒಂದೊಂದು ಇಟ್ಟಿಗೆ ಅಂದ್ಕೊಂಡು ಎಣಿಸಬೇಕು.

ನಾವು ಉಸಿರಾಡೋ ಆಮ್ಲಜನಕದ ಬಹುಪಾಲು ಇಂಥ ದೊಡ್ಡ ನಕ್ಷತ್ರಗಳ ಒಳಗೆ ತಯಾರಾಗಿದ್ದು. ಹಲ್ಲಿನ ಕ್ಯಾಲ್ಸಿಯಂ, ರಕ್ತದ ಕಬ್ಬಿಣ ಕೂಡ ಸಿಡಿದ ನಕ್ಷತ್ರಗಳಿಂದಲೇ ಬಂದದ್ದು. ಕ್ಯಾಸ್ ಎಯಿಂದ ಅಲ್ಲ, ಅದು ತೀರಾ ಹೊಸದು. ನಮ್ಮ ಸೂರ್ಯ ಹುಟ್ಟಿದ 460 ಕೋಟಿ ವರ್ಷಕ್ಕೂ ಮೊದಲು ಸಿಡಿದ, ಹೆಸರೇ ಇಲ್ಲದ ನಕ್ಷತ್ರಗಳಿಂದ. ಆ ಸರಕು ಹೇಗೆ ಹಂಚಿಕೆ ಆಯ್ತು ಅಂತ ನೋಡೋಕೆ ಈಗ ನಮ್ಮ ಕಣ್ಣೆದುರು ನಡೀತಿರೋ ಉದಾಹರಣೆ ಕ್ಯಾಸ್ ಎ.

ಪಟ್ಟಿಗಿಂತ ಸ್ವಾರಸ್ಯ ಇರೋದು ಯಾವುದು ಎಲ್ಲಿದೆ ಅನ್ನೋದ್ರಲ್ಲಿ. ದೊಡ್ಡ ನಕ್ಷತ್ರ ಸಾಯೋ ಮುಂಚೆ ಈರುಳ್ಳಿ ಥರ ಪದರ ಪದರವಾಗಿರುತ್ತೆ. ಹಗುರ ಧಾತು ಹೊರಗೆ, ಭಾರದ್ದು ಒಳಗೆ. ಸಿಡಿದಾಗಲೂ ಅದೇ ಕ್ರಮ ಉಳೀಬೇಕು, ಕಬ್ಬಿಣ ಮಧ್ಯದಲ್ಲೇ ಇರಬೇಕು ಅಂತ ಅನ್ನಿಸುತ್ತೆ. ಆದ್ರೆ 2000ದಲ್ಲಿ ಜಾನ್ ಹ್ಯೂಸ್ ಮತ್ತು ಸಂಗಡಿಗರು ಚಂದ್ರಾದ ಮೊದಲ ಮಾಹಿತಿಯನ್ನ ನೋಡಿದಾಗ, ಒಂದು ಭಾಗದಲ್ಲಿ ಕಬ್ಬಿಣ ಸಿಲಿಕಾನ್‌ಗಿಂತ ಹೊರಗಿತ್ತು. ಒಳಗಿನದು ಹೊರಗೆ ಬಂದಿತ್ತು. ಅಂದ್ರೆ ಈ ಸ್ಫೋಟ ಬಲೂನು ಉಬ್ಬಿದ ಹಾಗೆ ಎಲ್ಲ ಕಡೆ ಸಮನಾಗಿ ಆಗಿಲ್ಲ. ಸಾರು ಕೊತಕೊತ ಕುದಿಯುವಾಗ ತಳದಲ್ಲಿದ್ದ ಬೇಳೆ ಮೇಲಕ್ಕೆ ಬರುತ್ತಲ್ಲ, ಹಾಗೆ ನಡುವೆ ಏನೋ ಉಕ್ಕಿದೆ.

ಇದಕ್ಕೆ ಇನ್ನೊಂದು ಸಾಕ್ಷಿ ಬಂದದ್ದು 2014ರಲ್ಲಿ. ನುಸ್ಟಾರ್ ಅನ್ನೋ ಇನ್ನೊಂದು ಎಕ್ಸ್-ರೇ ದೂರದರ್ಶಕ ಕ್ಯಾಸ್ ಎಯಲ್ಲಿ ಟೈಟಾನಿಯಂ-44 ಎಲ್ಲೆಲ್ಲಿದೆ ಅಂತ ನಕ್ಷೆ ಮಾಡ್ತು. ಇದು ವಿಕಿರಣಶೀಲ ಧಾತು. ಸ್ಫೋಟದ ಆಳದಲ್ಲಿ ಹುಟ್ಟುತ್ತೆ, ಸುಮಾರು 60 ವರ್ಷಕ್ಕೊಮ್ಮೆ ಅರ್ಧ ಕರಗುತ್ತೆ. ಸುಮಾರು 350 ವರ್ಷ ಕಳೆದ ಮೇಲೆ ನೂರಕ್ಕೆ ಎರಡು ಪಾಲು ಕೂಡ ಉಳಿಯಲ್ಲ. ಆ ಉಳಿದ ಚಿಲ್ಲರೆಯನ್ನೇ ನುಸ್ಟಾರ್ ಹಿಡೀತು. ಟೈಟಾನಿಯಂ ಗುಂಡಗೆ ಹರಡಿರಲಿಲ್ಲ, ಗಡ್ಡೆಗಡ್ಡೆಯಾಗಿತ್ತು. ಅದೂ ಅಲ್ಲದೆ, ಚಂದ್ರಾ ಕಬ್ಬಿಣ ತೋರಿಸಿದ ಜಾಗಕ್ಕೂ ಇದಕ್ಕೂ ಪೂರ್ತಿ ತಾಳೆ ಆಗಲಿಲ್ಲ. ಟೈಟಾನಿಯಂ ತನ್ನಷ್ಟಕ್ಕೆ ತಾನೇ ಕ್ಷಯಿಸಿ ಕಿರಣ ಬಿಡುತ್ತೆ, ಬಿಸಿಯಾಗಬೇಕಿಲ್ಲ. ಕಬ್ಬಿಣ ಹಾಗಲ್ಲ. ಆಘಾತ ತರಂಗ ತಾಗಿ ಕಾದರೆ ಮಾತ್ರ ಎಕ್ಸ್-ರೇಯಲ್ಲಿ ಕಾಣೋದು. ಸಿಲ್ಕ್ ಬೋರ್ಡ್ ಜಾಮ್ ನೆನಪಿಟ್ಕೊಳ್ಳಿ ಅಂದಿದ್ದು ಇದಕ್ಕೇ. ಜಾಮ್ ಇನ್ನೂ ಮುಟ್ಟದ ಕಬ್ಬಿಣ ಒಳಗೆ ಇರಬಹುದು, ನಮಗೆ ಕಾಣ್ತಿಲ್ಲ ಅಷ್ಟೇ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ತಾಳೆ ನೋಡಿದಾಗಲೇ ಇಂಥದ್ದು ಗೊತ್ತಾಗೋದು.

ಒಂದೇ ಪುಸ್ತಕದಲ್ಲಿ ವರ್ಷವರ್ಷದ ಲೆಕ್ಕ

ಈಗ ನಾನು ನಿಜವಾಗಿ ಹೇಳ್ಬೇಕಂತಿದ್ದ ವಿಷಯಕ್ಕೆ ಬರ್ತೀನಿ.

ಆಕಾಶದಲ್ಲಿ ಏನೂ ಬದಲಾಗಲ್ಲ ಅಂತ ನಮಗೊಂದು ಭಾವನೆ ಇರುತ್ತೆ. ಕ್ಯಾಸ್ ಎ ಹಾಗಲ್ಲ. ಅದರ ಅಂಚಿನ ಆಘಾತ ತರಂಗ ಸೆಕೆಂಡಿಗೆ ಸುಮಾರು 4,900 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ. ಬೆಂಗಳೂರಿಂದ ಬೆಳಗಾವಿಗೆ ಸುಮಾರು 500 ಕಿಲೋಮೀಟರ್. ಆ ವೇಗಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆದ್ರೂ ಅದು ಎಷ್ಟು ದೂರ ಇದೆ ಅಂದ್ರೆ, ನಮಗೆ ಕಾಣೋ ಸರಿದಾಟ ವರ್ಷಕ್ಕೆ ಬರೀ 0.3 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನ 3,600 ಭಾಗ ಮಾಡಿದರೆ ಸಿಗೋ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. ಚಂದ್ರಾದ ದೃಷ್ಟಿ ಸುಮಾರು ಅರ್ಧ ಆರ್ಕ್‌ಸೆಕೆಂಡಿನಷ್ಟು ಸೂಕ್ಷ್ಮ. ಹಾಗಾಗಿ ಒಂದು ವರ್ಷದಲ್ಲಿ ಕಷ್ಟ, ಆದ್ರೆ ಇಪ್ಪತ್ತು ವರ್ಷದಲ್ಲಿ ಆರು ಆರ್ಕ್‌ಸೆಕೆಂಡ್ ಸರಿದಿರುತ್ತೆ. ಅದು ಸ್ಪಷ್ಟವಾಗಿ ಕಾಣುತ್ತೆ.

1999ರಿಂದ ಮತ್ತೆಮತ್ತೆ ತೆಗೆದ ಚಿತ್ರಗಳನ್ನ ಜೋಡಿಸಿ ನಾಸಾದವರು ವಿಡಿಯೊ ಮಾಡಿದ್ದಾರೆ. ಹುಡುಕಿ ನೋಡಿ. ಅವಶೇಷ ಹಿಗ್ಗೋದು ಕಣ್ಣಿಗೆ ಕಾಣುತ್ತೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ 2000ದಿಂದ 2019ರವರೆಗಿನ ಚಂದ್ರಾ ಮಾಹಿತಿಯನ್ನ ಹೋಲಿಸಿತು. ಪಶ್ಚಿಮ ಭಾಗದಲ್ಲಿ ಹಿಂದಿನ ಆಘಾತ ತರಂಗ ನಿಜವಾಗಿಯೂ ಕೇಂದ್ರದ ಕಡೆಗೇ ವಾಪಸ್ ಬರ್ತಿದೆ ಅಂತ ತೋರಿಸಿತು. ಆ ಕಡೆ ಚೂರುಗಳು ಏನೋ ದಟ್ಟವಾದದ್ದಕ್ಕೆ ಬಡಿದಿರಬಹುದು ಅನ್ನೋ ಸುಳಿವು ಅದು. ಒಂದೇ ಒಂದು ಚಿತ್ರ ಎಷ್ಟೇ ಚೆನ್ನಾಗಿದ್ರೂ ಈ ವಿಷಯ ಹೇಳ್ತಿರಲಿಲ್ಲ. ಒಂದು ದಿನದ ಬ್ಯಾಲೆನ್ಸ್ ನೋಡಿ ಅಂಗಡಿ ಲಾಭದಲ್ಲಿದೆಯಾ ನಷ್ಟದಲ್ಲಿದೆಯಾ ಅಂತ ಹೇಳೋಕಾಗುತ್ತಾ? ವರ್ಷವರ್ಷದ್ದೂ ಬೇಕು.

ಇನ್ನೊಂದು ಉದಾಹರಣೆ. 1999ರ ಆಗಸ್ಟ್‌ನಲ್ಲಿ ಚಂದ್ರಾದ ಮೊದಲ ಅಧಿಕೃತ ಚಿತ್ರ ಬಿಡುಗಡೆ ಆಯ್ತು. ಅದು ಕ್ಯಾಸ್ ಎಯದ್ದೇ. ಅದರ ನಡುವೆ ಒಂದು ಚುಕ್ಕಿ ಕಾಣಿಸ್ತು. ಕುಸಿದ ನಕ್ಷತ್ರದ ತಿರುಳು ಅದು, ನ್ಯೂಟ್ರಾನ್ ನಕ್ಷತ್ರ. ಮೇಲ್ಮೈ ಬಿಸಿ ಸುಮಾರು 20 ಲಕ್ಷ ಡಿಗ್ರಿ. 2010ರಲ್ಲಿ ಕ್ರೇಗ್ ಹೈಂಕೆ ಮತ್ತು ವಿನ್ ಹೋ ಹತ್ತು ವರ್ಷದ ಮಾಹಿತಿ ನೋಡಿ, ಇದರ ತಾಪಮಾನ ಸುಮಾರು ಶೇ. 4ರಷ್ಟು ಇಳಿದಿದೆ ಅಂದರು. ಒಂದು ನ್ಯೂಟ್ರಾನ್ ನಕ್ಷತ್ರ ನಮ್ಮ ಕಣ್ಣೆದುರೇ ತಣ್ಣಗಾಗ್ತಿದೆ ಅಂದ್ರೆ ದೊಡ್ಡ ಸುದ್ದಿ. ಅದರ ಒಳಗಿನ ವಸ್ತು ಘರ್ಷಣೆಯೇ ಇಲ್ಲದೆ ಹರಿಯೋ ಅತಿದ್ರವ ಸ್ಥಿತಿಗೆ ಬದಲಾಗ್ತಿರಬಹುದು ಅಂತ ವಿವರಣೆಗಳೂ ಬಂದವು.

ಆಮೇಲೆ ಬೇರೆ ತಂಡಗಳು ಒಂದು ಪ್ರಶ್ನೆ ಎತ್ತಿದವು. ತಣ್ಣಗಾಗ್ತಿರೋದು ನಕ್ಷತ್ರವಾ, ಅಥವಾ ಮಬ್ಬಾಗ್ತಿರೋದು ನಮ್ಮ ಉಪಕರಣವಾ? ಯಾಕಂದ್ರೆ ಚಂದ್ರಾದ ಪತ್ತೆಕಾರಕದ ಮುಂದಿನ ಫಿಲ್ಟರ್ ಮೇಲೆ ವರ್ಷ ಕಳೆದ ಹಾಗೆ ಕೊಳೆಯ ಪದರ ಕೂತಿದೆ. ಕಡಿಮೆ ಶಕ್ತಿಯ ಎಕ್ಸ್-ರೇಯನ್ನ ಅದು ನುಂಗುತ್ತೆ. ಕಾಮರ್ಸ್‌ನಲ್ಲಿ ಇದಕ್ಕೆ ಡಿಪ್ರಿಸಿಯೇಷನ್ ಅಂತೀವಿ: ಮಷಿನ್ ಸವಕಳಿಯನ್ನ ಲೆಕ್ಕಕ್ಕೆ ಹಿಡಿಯದಿದ್ರೆ ಪೂರ್ತಿ ಲೆಕ್ಕವೇ ತಪ್ಪು. ಆ ಸವಕಳಿಯನ್ನ ಕಳೆದು ಮತ್ತೆ ಲೆಕ್ಕ ಹಾಕಿದಾಗ, ನಂತರದ ಅಧ್ಯಯನಗಳಲ್ಲಿ ಇಳಿಕೆ ಮೊದಲು ಹೇಳಿದಷ್ಟು ಜೋರಾಗಿ ಕಾಣಲಿಲ್ಲ. ಚರ್ಚೆ ಇನ್ನೂ ಮುಗಿದಿಲ್ಲ.

ಈ ಚರ್ಚೆ ಮುಗಿಯೋ ದಾರಿ ಯಾವುದು? ಇನ್ನಷ್ಟು ವರ್ಷ, ಅದೇ ದೂರದರ್ಶಕದಿಂದ, ಅದೇ ರೀತಿ ನೋಡ್ತಾ ಇರೋದು.

ದುಡ್ಡಿನ ವಿಷಯ

2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ನಾಸಾಗೆ ಮುಂದಿನ ವರ್ಷದ ಬಜೆಟ್ ಪ್ರಸ್ತಾವ ಮಂಡಿಸಿತು. ಚಂದ್ರಾ ನಡೆಸೋಕೆ ವರ್ಷಕ್ಕೆ ಸುಮಾರು 6.8 ಕೋಟಿ ಡಾಲರ್ ಸಿಗ್ತಿತ್ತು. ಅದನ್ನ ಸುಮಾರು 4.1 ಕೋಟಿಗೆ, ಅದರ ಮುಂದಿನ ವರ್ಷ 2.7 ಕೋಟಿಯ ಹತ್ತಿರಕ್ಕೆ ಇಳಿಸೋ ಪ್ರಸ್ತಾವ ಅದರಲ್ಲಿತ್ತು. ಕೊಟ್ಟ ಕಾರಣ: ದೂರದರ್ಶಕಕ್ಕೆ ವಯಸ್ಸಾಗಿದೆ, ಅದರ ಭಾಗಗಳು ವಿಪರೀತ ಬಿಸಿಯಾಗದ ಹಾಗೆ ನೋಡ್ಕೊಳ್ಳೋದು ಕಷ್ಟ ಆಗ್ತಿದೆ.

ಈ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಚಂದ್ರಾವನ್ನ ಮಾಡಿದ್ದೇ ಐದು ವರ್ಷದ ಕೆಲಸಕ್ಕೆ. ಅದು 25 ವರ್ಷ ದಾಟಿದೆ. ಹೊಸ ಯೋಜನೆಗೆ ದುಡ್ಡು ಬೇಕಂದ್ರೆ ಹಳೇದ್ರಲ್ಲಿ ಎಲ್ಲೋ ಉಳಿಸಬೇಕು. ಯಾವುದೇ ಕಂಪನಿಯ ಫೈನಾನ್ಸ್ ಮೀಟಿಂಗ್‌ನಲ್ಲಿ ಕೂತವರಿಗೆ ಈ ಮಾತು ಪರಿಚಿತ.

ಆದ್ರೆ ವಿಜ್ಞಾನಿಗಳು ಸುಮ್ಮನಿರಲಿಲ್ಲ. ಇಷ್ಟು ಕಡಿತ ಅಂದ್ರೆ ದೂರದರ್ಶಕ ಮುಚ್ಚಿದ ಹಾಗೇ ಅಂತ ಅವರ ವಾದ. ಚಂದ್ರಾ ಉಳಿಸಿ ಅಂತ ಅಭಿಯಾನವೇ ನಡೀತು. ಆ ವರ್ಷ ದೂರದರ್ಶಕ ನಿಲ್ಲಲಿಲ್ಲ. ಆದ್ರೆ ಬಜೆಟ್ ಬಂದಾಗೆಲ್ಲ ಈ ಪ್ರಶ್ನೆ ಏಳಬಹುದು ಅನ್ನೋದು ಸ್ಪಷ್ಟವಾಯ್ತು.

ನನ್ನ ಅಭಿಪ್ರಾಯ ಹೇಳ್ತೀನಿ. ಇಲ್ಲಿ ಉಳಿತಾಯದ ಲೆಕ್ಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಮಷಿನ್ ಹಳೇದಾದರೆ ಬದಲಿಗೆ ಹೊಸದು ತರಬಹುದು. ಆದ್ರೆ ನಡುವೆ ತಪ್ಪಿದ ವರ್ಷಗಳನ್ನ ಯಾವ ದುಡ್ಡು ಕೊಟ್ಟರೂ ತರೋಕಾಗಲ್ಲ. ಕ್ಯಾಸ್ ಎ ನಮಗೋಸ್ಕರ ನಿಲ್ಲಲ್ಲ. 2030ರಲ್ಲಿ ಅದು ಹೇಗಿತ್ತು ಅಂತ 2040ರಲ್ಲಿ ಕೂತು ನೋಡೋಕಾಗಲ್ಲ. ಇವತ್ತು ಚಂದ್ರಾದಷ್ಟು ಚೂಪಾದ ದೃಷ್ಟಿಯ ಇನ್ನೊಂದು ಎಕ್ಸ್-ರೇ ದೂರದರ್ಶಕ ಬಾಹ್ಯಾಕಾಶದಲ್ಲಿ ಇಲ್ಲ. ಜಪಾನ್ 2023ರ ಸೆಪ್ಟೆಂಬರ್‌ನಲ್ಲಿ ಹಾರಿಸಿದ ಎಕ್ಸ್‌ರಿಸಂ ಶಕ್ತಿಯನ್ನ ಚಂದ್ರಾಗಿಂತ ಎಷ್ಟೋ ನಿಖರವಾಗಿ ಅಳೆಯುತ್ತೆ, ಆದ್ರೆ ಅದರ ಚಿತ್ರ ಮಸುಕು. ಪಾಸ್‌ಬುಕ್ಕಿನಲ್ಲಿ ಮೊತ್ತ ಪೈಸೆ ಲೆಕ್ಕದಲ್ಲಿ ಸರಿಯಾಗಿ ಬರುತ್ತೆ, ಯಾವ ಬ್ರಾಂಚು ಅಂತ ಸ್ಪಷ್ಟವಾಗಿ ಗೊತ್ತಾಗಲ್ಲ ಅಂದ ಹಾಗೆ. ಇಬ್ಬರೂ ಬೇಕು. ಒಬ್ಬರು ಇನ್ನೊಬ್ಬರ ಬದಲಿ ಅಲ್ಲ.

ನಮ್ಮ ಊರಿನ ಪಾಲು

ಇದು ಅಮೆರಿಕದವರ ತಲೆನೋವು, ನಮಗೇನು ಅಂತ ಕೇಳಬಹುದು. ನಮಗೂ ಇದೆ. 2024ರ ಜನವರಿ 1ರಂದು, ನಾವೆಲ್ಲ ಹೊಸ ವರ್ಷದ ಮೆಸೇಜ್ ಫಾರ್ವರ್ಡ್ ಮಾಡ್ತಿದ್ದಾಗ, ಶ್ರೀಹರಿಕೋಟಾದಿಂದ ಇಸ್ರೋ ಎಕ್ಸ್‌ಪೋಸ್ಯಾಟ್ ಉಪಗ್ರಹ ಹಾರಿಸಿತು. ಅದರಲ್ಲಿ ಎರಡು ಉಪಕರಣ. ಒಂದು ಪೋಲಿಕ್ಸ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮಾಡಿದ್ದು. ಇನ್ನೊಂದು ಎಕ್ಸ್‌ಸ್ಪೆಕ್ಟ್, ಬೆಂಗಳೂರಿನದೇ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು. ಎಕ್ಸ್‌ಸ್ಪೆಕ್ಟ್ ಕಣ್ಣು ತೆರೆದು ಮೊದಲು ನೋಡಿದ್ದು ಯಾವುದನ್ನ ಗೊತ್ತಾ? ಜನವರಿ 5ರಂದು, ಕ್ಯಾಸ್ ಎಯನ್ನ. ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ, ಎಲ್ಲದರ ಗುರುತೂ ಅದಕ್ಕೆ ಸಿಕ್ತು.

ಹೊಸ ಉಪಕರಣ ಮೊದಲು ಕ್ಯಾಸ್ ಎಯನ್ನೇ ನೋಡೋದಕ್ಕೆ ಕಾರಣ ಇದೆ. ಅದರ ಲೆಕ್ಕ ಚಂದ್ರಾ ಮತ್ತು ಇತರರು ಇಷ್ಟು ವರ್ಷ ಬರೆದಿಟ್ಟಿರೋದರಿಂದ, ನಮ್ಮ ಉಪಕರಣ ಸರಿಯಾಗಿ ಓದ್ತಿದೆಯಾ ಅಂತ ತಾಳೆ ನೋಡಬಹುದು. ಹೊಸ ತಕ್ಕಡಿ ತಂದಾಗ ಗೊತ್ತಿರೋ ತೂಕದ ಕಲ್ಲು ಇಟ್ಟು ನೋಡ್ತಾರಲ್ಲ, ಹಾಗೆ. ಅಂದ್ರೆ ಚಂದ್ರಾದ ಹಳೇ ಪುಸ್ತಕ ಬೆಂಗಳೂರಿನ ಎಂಜಿನಿಯರ್‌ಗಳಿಗೂ ಉಪಯೋಗಕ್ಕೆ ಬರುತ್ತೆ.

2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಕೂಡ ಇದೇ ದಾರಿಯದ್ದು. ಅದರ ಮಾಹಿತಿಯಿಂದ ನಮ್ಮ ವಿಜ್ಞಾನಿಗಳು 1054ರ ಆ ಕ್ರ್ಯಾಬ್ ನೆಬ್ಯುಲಾದ ಒಳಗೆ ಗಿರಗಿರ ತಿರುಗ್ತಿರೋ ಪಲ್ಸಾರ್‌ನ ಎಕ್ಸ್-ರೇ ಧ್ರುವೀಕರಣವನ್ನ ಅಳೆದು 2017ರಲ್ಲಿ ಪ್ರಕಟಿಸಿದರು. ಅದಕ್ಕೂ ಐದು ವರ್ಷದ ಆಯಸ್ಸು ಅಂತಲೇ ಯೋಜನೆ ಹಾಕಿದ್ದು. ನಮ್ಮಲ್ಲೂ ಮುಂದೊಂದು ದಿನ ಯಾರಾದರೂ ಇದು ಹಳೇದಾಯ್ತಲ್ಲ, ಇನ್ನೂ ಯಾಕೆ ಖರ್ಚು ಅಂತ ಕೇಳ್ತಾರೆ. ಆಗ ಕೊಡೋಕೆ ನಮ್ಮ ಹತ್ರ ಒಳ್ಳೆ ಉತ್ತರ ಇರಬೇಕು.

ಕೊನೆಯದಾಗಿ ಒಂದು ಮಾತು. ಚಂದ್ರಾದ ಮಾಹಿತಿ ನಿಗದಿತ ಅವಧಿ ಕಳೆದ ಮೇಲೆ ಎಲ್ಲರಿಗೂ ಮುಕ್ತ. ಆಸ್ಟ್ರೋಸ್ಯಾಟ್‌ದೂ ಹಾಗೇ ಸಿಗುತ್ತೆ. ಕಾಲೇಜಿನಲ್ಲಿ ಫಿಸಿಕ್ಸ್ ಓದ್ತಿರೋ ತಮ್ಮಂದಿರು, ತಂಗಿಯಂದಿರು ಯಾರಾದ್ರೂ ಕೇಳ್ತಿದ್ರೆ, ಲ್ಯಾಪ್‌ಟಾಪ್ ಒಂದಿದ್ದರೆ ಸಾಕು, ಆ ಎಂಟ್ರಿಗಳನ್ನ ಇಳಿಸಿಕೊಂಡು ನೋಡಬಹುದು. ನಿಮ್ಮ ಲೆಕ್ಚರರ್‌ನ ಕೇಳಿ, ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿ. ನಾನು ಬ್ಯಾಲೆನ್ಸ್ ಶೀಟ್ ನೋಡಿಯೇ ಜೀವನ ಮಾಡೋನು. ಆದ್ರೆ ನಾನು ನೋಡಿದ ಯಾವ ಲೆಕ್ಕಪುಸ್ತಕವೂ ಇಷ್ಟು ದೂರದ್ದಾಗಿರಲಿಲ್ಲ.

ಇವತ್ತಿಗೆ ಇಷ್ಟು. ಸಂಚಿಕೆ ಇಷ್ಟ ಆಗಿದ್ರೆ ಯಾರಾದ್ರೂ ಒಬ್ಬರಿಗೆ ಕಳಿಸಿ. ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಹಾಕಿ, ಮುಂದಿನ ಸಂಚಿಕೆಯಲ್ಲಿ ತಗೊಳ್ತೀನಿ. ಸಿಗೋಣ.